ಅಪ್ಪ ಹಾಸು ಕತ್ತರಿಸಿದ ಬೆಳಿಗ್ಗೆ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಹಿಂದೂಪುರದ ನಮ್ಮ ಬೀದಿಯಲ್ಲಿ ಕೆಲವು ದಿನ ಬೆಳಿಗ್ಗೆ ಯಾರೂ ಓಡಾಡುವಂತಿರಲಿಲ್ಲ. ಅವತ್ತು ಯಾರದೋ ಮನೆಯ ಹಾಸು ಬೀದಿಗೆ ಬಂದಿದೆ ಎಂದರ್ಥ. ಹಾಸು ಅಂದರೆ ಸೀರೆ ನೇಯುವ ಮೊದಲು ಮಗ್ಗಕ್ಕೆ ಉದ್ದುದ್ದ ಕಟ್ಟುವ ನೂಲು. ಅದರಲ್ಲಿ ಸಾವಿರಾರು ಎಳೆ. ಬೀದಿಯ ಉದ್ದಕ್ಕೂ ಬಿದಿರಿನ ಗಳುಗಳ ಮೇಲೆ ಅದನ್ನು ಬಿಗಿಯಾಗಿ ಎಳೆದು, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ಬಾಚುತ್ತಿದ್ದರು. ಬಿಸಿಲೇರುವುದರೊಳಗೆ ಮುಗಿಸಬೇಕು. ನಡುವೆ ಒಂದು ದನ ನುಗ್ಗಿದರೂ ಎಲ್ಲ ಸಿಕ್ಕು ಸಿಕ್ಕು.

ಅವತ್ತು ನಮ್ಮ ಮನೆಯ ಸರದಿ. ಗಾಳಿಯಲ್ಲಿ ಹಸಿ ಗಂಜಿಯ ವಾಸನೆ, ಜೊತೆಗೆ ಮಂಡಿ ಕಡೆಯಿಂದ ಹೊಸ ಹುಣಸೆಹಣ್ಣಿನ ಘಮ. ಬೀದಿಯ ನಡುವೆ ಒಂದು ಅಡ್ಡದಾರಿ ಹಾದುಹೋಗುತ್ತಿತ್ತು. ಹಾಸು ಆ ದಾರಿಯನ್ನೂ ದಾಟಿ ಹೋಗಿತ್ತು. ಅಲ್ಲಿ ಕಾವಲಿಗೆ ಅಪ್ಪ ನನ್ನನ್ನು ನಿಲ್ಲಿಸಿದ್ದ.

"ಯಾರ್ನೂ ಬಿಡಬ್ಯಾಡ ಕಣಮ್ಮ. ದನ ಬಂದ್ರೂ ಅಷ್ಟೇ, ದೊರೆ ಬಂದ್ರೂ ಅಷ್ಟೇ."

ನಾನು ಕೈಯಲ್ಲೊಂದು ಕೋಲು ಹಿಡಿದು ಠೀವಿಯಿಂದ ನಿಂತಿದ್ದೆ. ಎರಡು ಎಮ್ಮೆ, ಒಬ್ಬ ಸೈಕಲ್ಲಿನವನು, ಎಲ್ಲರನ್ನೂ ಹಿಂದಕ್ಕೆ ಕಳಿಸಿದೆ. ಆಮೇಲೆ ಒಂದು ಕಮಾನಿನ ಬಂಡಿ ಜೋರಾಗಿ ಬಂತು. ಹೊಡೆಯುತ್ತಿದ್ದವನು ಹಳ್ಳಿಯವನು, ಮೈಯೆಲ್ಲ ಬೆವರು.

"ಪಾಪಾ, ಪಕ್ಕಕು ಜರುಗಮ್ಮಾ!" ಎಂದು ತೆಲುಗಿನಲ್ಲಿ ಕೂಗಿದ, ಪಕ್ಕಕ್ಕೆ ಸರಿ ಅಂತ.

"ಹಾಸು ಹಾಕವ್ರೆ, ಬಿಡಾಕಾಗಲ್ಲ. ಕೆರೆ ಏರಿ ಮ್ಯಾಲೆ ಸುತ್ಕೊಂಡು ಹೋಗಣ್ಣಾ."

"ಸುತ್ಕೊಂಡು ಹೋಗೋಷ್ಟು ಟೈಮಿಲ್ಲ ತಾಯಿ. ನನ್ನ ತಂಗಿಗೆ ಹೆರಿಗೆ ನೋವು ಬಂದ್ಬುಟ್ಟೈತೆ. ಆಸ್ಪತ್ರೆಗೆ ಹೋಗ್ಬೇಕು," ಎಂದು ಅವನೂ ಕನ್ನಡಕ್ಕೆ ಹೊರಳಿ ಬೇಡಿಕೊಂಡ.

ಬಂಡಿಯೊಳಗಿಂದ ನರಳುವ ಸದ್ದು ಕೇಳಿತು. ನಾನು ಕೋಲು ಕೆಳಗಿಳಿಸಿ ಅಪ್ಪನನ್ನು ಕೂಗಿದೆ. ನೆರೆಮನೆಯ ಗಂಡಸರು ಕೂಡಿಕೊಂಡರು. ಗಳು ಸಮೇತ ಹಾಸನ್ನು ಎತ್ತಿ ಹಿಡಿಯೋಣ ಎಂದರು ಕೆಲವರು. ಬಂಡಿಯ ಕಮಾನಿಗೆ ತಾಗುತ್ತದೆ, ಎತ್ತುಗಳು ಬೆದರುತ್ತವೆ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಅಪ್ಪ ಬಂದ. ಬಂಡಿಯೊಳಗೆ ಒಮ್ಮೆ ಇಣುಕಿದ. ಮನೆಯ ಕಡೆ ತಿರುಗಿ, "ಕತ್ತರಿ ತಗೊಂಡ್ ಬಾರೇ!" ಎಂದು ಅಮ್ಮನನ್ನು ಕೂಗಿದ.

ನೆರೆಯವರು ಎರಡೂ ಕಡೆ ನೂಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು. ಅಪ್ಪ ನಡುವೆ ಕತ್ತರಿ ಆಡಿಸಿದ. ಕರಕರ ಎಂಬ ಆ ಸದ್ದು ಈಗಲೂ ನನಗೆ ಕೇಳುತ್ತದೆ. ದಾರಿ ತೆರೆಯಿತು. ಬಂಡಿ ಧೂಳೆಬ್ಬಿಸಿಕೊಂಡು ಹೋಯಿತು.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ನೂಲನ್ನೆಲ್ಲ ರಾಟೆಯಲ್ಲಿ ಸುತ್ತಿದವಳು ಅವಳೇ. ಬೆರಳು ಕೊಯ್ದುಕೊಂಡರೂ ಬಟ್ಟೆ ಕಟ್ಟಿಕೊಂಡು ಸುತ್ತಿದ್ದಳು. ಈಗ ಮುಖ ತಿರುಗಿಸಿ ಒಳಗೆ ಹೋಗಿಬಿಟ್ಟಳು.

ಅಪ್ಪ ಅವಳನ್ನು ಕರೆಯಲಿಲ್ಲ. ನೆಲದ ಮೇಲೆ ಕೂತು, ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡು, ಕಡಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಗಂಟು ಹಾಕತೊಡಗಿದ. ಬಿಸಿಲು ಏರಿತು. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಎತ್ತಿ ಹಿಡಿದಿದ್ರೆ ಆಯ್ತಿರಲಿಲ್ವಾ ಅಪ್ಪಾ?"

"ಆಯ್ತಿತ್ತೇನೋ ಕಣಮ್ಮ," ಎಂದ ಅಪ್ಪ, ತಲೆ ಎತ್ತದೆ. "ಆಯ್ತದೋ ಇಲ್ವೋ ಅಂತ ನೋಡಾಕೆ ಹೊತ್ತು ಬೇಕಲ್ಲ. ಆ ಹೊತ್ತು ನಮ್ದಲ್ಲ, ಆ ಹೆಣ್ಮಗಳ್ದು."

ಅಕ್ಕ ಅವನ ಎದುರಿಗೆ ಕೂತು ಬೂದಿಗೆ ಕೈಹಾಕಿದಳು. ನಾನೂ ಕೂತೆ. ಗಂಟು ಹಾಕುವುದನ್ನು ನಾನು ಕಲಿತದ್ದು ಅವತ್ತೇ. ಮೊದಲ ಗಂಟುಗಳೆಲ್ಲ ಜಾರಿದವು. ಅಕ್ಕ ನನ್ನ ಬೆರಳು ಹಿಡಿದು ತೋರಿಸಿದಳು. ಊಟ ಮುಗಿಸಿದ ನೆರೆಯವರೂ ಒಬ್ಬೊಬ್ಬರಾಗಿ ಬಂದು ಸಾಲಾಗಿ ಕೂತರು. ಯಾರೋ ತೆಲುಗಿನಲ್ಲಿ ತಮಾಷೆ ಮಾಡಿದರು, ಯಾರೋ ಮಜ್ಜಿಗೆ ತಂದರು. ಸಂಜೆಯ ಹೊತ್ತಿಗೆ ಹಾಸು ಮತ್ತೆ ಒಂದಾಗಿತ್ತು. ಆಗಲೇ ಬಂಡಿಯವನು ನಗುತ್ತಾ ಓಡಿಬಂದು ಹೇಳಿದ, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಅಕ್ಕ.

ಆ ಹಾಸಿನಲ್ಲಿ ನೇಯ್ದ ಒಂದು ಸೀರೆಗೆ ನಡುವೆ ಗಂಟಿನ ಗೆರೆ ಬಂತು. ಅದನ್ನು ಅಂಗಡಿಗೆ ಕೊಡಲಾಗಲಿಲ್ಲ. ಅಮ್ಮ ಅದನ್ನು ಮೆತ್ತಗಾಗುವವರೆಗೆ ಒಗೆದು, ಆ ಮಗುವಿನ ಜೋಲಿಗೆಂದು ಕಳಿಸಿಕೊಟ್ಟಳು.

ನಾನು ಮದುವೆಯಾಗಿ ಈ ಕಲ್ಯಾಣದುರ್ಗಕ್ಕೆ ಬಂದೆ. ನಿಮ್ಮ ಬೀದಿಯಲ್ಲಿ ಹಾಸು ಹಾಕುವವರಿಲ್ಲ, ಬಂಡಿಯೂ ಬರುವುದಿಲ್ಲ. ಫೋನು ಮಾಡಿದರೆ ಆಂಬುಲೆನ್ಸ್ ಮನೆ ಬಾಗಿಲಿಗೇ ಬರುತ್ತದೆ. ನಿಮಗೆ ನೂಲಿನ ಗಂಟು ಹಾಕಲು ಬರುವುದಿಲ್ಲ, ನನಗೆ ನಿಮ್ಮ ಫೋನಿನ ಆಟ ಆಡಲು ಬರುವುದಿಲ್ಲ. ಇರಲಿ.

ಮೊನ್ನೆ ಸಂಜೆ ನಮ್ಮ ಪುಟ್ಟ ಕ್ರಿಕೆಟ್ ಆಡುತ್ತಿದ್ದ. ರನ್ನಿಗೆ ಓಡುತ್ತಿದ್ದವನು ಅರ್ಧದಲ್ಲೇ ಬ್ಯಾಟು ಬಿಸಾಕಿ, ಎಡವಿ ಬಿದ್ದ ಎದುರುಮನೆಯ ಮಗುವನ್ನು ಎತ್ತಲು ಹೋದ. ಎಲ್ಲರೂ "ಔಟ್, ಔಟ್" ಎಂದು ಕೂಗಿದರು. ಊಟಕ್ಕೆ ಕೂತಾಗ ಅವನ ತಟ್ಟೆಗೆ ನಾನು ಇನ್ನೊಂದು ಒಬ್ಬಟ್ಟು ಹಾಕಿದೆ. "ಯಾಕಜ್ಜಿ, ನಂಗೊಬ್ಬನಿಗೇ?" ಎಂದು ಕೇಳಿದೆಯಲ್ಲ ಪುಟ್ಟ? ಇದಕ್ಕೇ ಕಣಪ್ಪ. ಅಜ್ಜಿ ಕಿಟಕಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು.