ಗಿಲಕಿ ಹಿಡಿದವನು

ನನ್ನ ತಮ್ಮ ಫೋಟೋಗಳಿಗೆ ಚೌಕಟ್ಟು ಹಾಕುವವನು. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಬೀದಿಯಲ್ಲೇ ನಿಲ್ಲಬೇಕು, ಅಂಗಡಿ ಅಷ್ಟು ಚಿಕ್ಕದು. ಒಳಗೆ ಗಾಜು ಕೊಯ್ಯುವ ಮೇಜು, ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಅಂಟಿನ ವಾಸನೆ. ಕೆಲಸದಲ್ಲಿ ಅವನದು ಎತ್ತಿದ ಕೈ, ಮಾತಿನಲ್ಲಿ ಮಹಾ ಜಿಪುಣ. ಗಂಡನನ್ನು ಕಳೆದುಕೊಂಡವಳು ಫೋಟೋ ತಂದು ಕಣ್ಣೊರೆಸಿಕೊಂಡರೆ, "ಕಪ್ಪು ಪಟ್ಟಿಯಾ, ಕಂದು ಪಟ್ಟಿಯಾ?" ಎಂದಷ್ಟೇ ಕೇಳುತ್ತಾನೆ. ಸಾಂತ್ವನ ಹೇಳುವ ಕಲೆ ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅದೊಂದು ಕೊರತೆಯೆಂದು ನಾನು ಎಣಿಸಿಲ್ಲ.

ಅವನು ಈ ಕೆಲಸಕ್ಕೆಂದು ಹೊರಟವನಲ್ಲ. ಹದಿನಾಲ್ಕನೆಯ ವಯಸ್ಸಿಗೆ ಅವನಿಗೆ ಟ್ರಂಪೆಟ್ಟಿನ ಹುಚ್ಚು ಹಿಡಿಯಿತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಸೇನೆಯ ಬ್ಯಾಂಡಿನಿಂದ ನಿವೃತ್ತರಾದ ಮುದುಕರೊಬ್ಬರಿದ್ದರು. ಅವರ ಬಳಿ ಕಲಿತು ಬಂದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ವಾದ್ಯದ ಬಾಯಿಗೆ ಟವೆಲ್ ತುರುಕಿ ಅಭ್ಯಾಸ ಮಾಡುತ್ತಿದ್ದ. ಅಮ್ಮ ಬಾಗಿಲು ಬಡಿದು, "ಈ ಮನೇಲಿ ಎಮ್ಮೆ ಸಾಕಿದ್ದಾರೆ ಅಂತ ಬೀದಿಯವರು ಹಾಲಿಗೆ ಪಾತ್ರೆ ತರ್ತಾರೆ ನೋಡು" ಎಂದು ಕೂಗುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಮೊದಲ ವರ್ಷ ಅದು ಹಿಂಸೆಯಾಗಿತ್ತು. ಮೂರನೆಯ ವರ್ಷದಲ್ಲಿ ಒಂದು ದಿನ ನಾನು ಪುಸ್ತಕ ಮುಚ್ಚಿ ಕೇಳುತ್ತಾ ಕುಳಿತಿದ್ದೆ. ಸಂಗೀತದ ಬಗ್ಗೆ ನನಗೆ ಅಂಥ ಒಲವಿಲ್ಲದಿದ್ದರಿಂದ ಇದನ್ನು ಸಾಕ್ಷ್ಯವೆಂದು ಹೇಳುತ್ತಿದ್ದೇನೆ.

ಇಪ್ಪತ್ತಕ್ಕೆ ಬ್ಯಾಂಡು ಸೇರಿದ. ಐದು ಜನ. ಹಾಡುಗಾರನದೇ ಆಂಪ್ಲಿಫೈಯರ್, ಹಾಗಾಗಿ ಅವನೇ ಯಜಮಾನ. ಡ್ರಮ್ ಬಾರಿಸುವವನು ಹಗಲು ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೀಬೋರ್ಡಿನವನು ಪಾಪದವನು, ಬಹಳ ಹಿಂದೆಯೇ ತೀರಿಕೊಂಡ. ಗಿಟಾರಿಗೆ ಉದ್ದಣ್ಣ; ಎತ್ತರದ ಆಳು, ನೋಡಲು ಲಕ್ಷಣ, ತಂತಿಗಳ ಶ್ರುತಿ ಮಾತ್ರ ಎಂದೂ ಸರಿಯಾಗಿದ್ದಿಲ್ಲ. ದಪ್ಪ ಕನ್ನಡಕದ ನನ್ನ ತಮ್ಮನನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು. ಶನಿವಾರ ಸಂಜೆ ಕಾರ್ಮಿಕರ ಕ್ಲಬ್ಬಿನ ಹಾಲಿನಲ್ಲಿ ನುಡಿಸುತ್ತಿದ್ದರು. ಕೊನೆಯ ಹಾಡಿನ ಹೊತ್ತಿಗೆ ದೀಪ ಆರಿಸಿ, ಉಳಿದವರೆಲ್ಲ ಸುಮ್ಮನಾಗಿ, ಟ್ರಂಪೆಟ್ ಒಂದನ್ನೇ ನುಡಿಸುವ ಪದ್ಧತಿ ಇತ್ತು. ಜನ ಅದಕ್ಕಾಗಿಯೇ ಕಾಯುತ್ತಿದ್ದರು.

ಆ ಕಾಲದಲ್ಲಿ ಪೋಸ್ಟರಿಗೆಂದು ಒಂದು ಫೋಟೋ ತೆಗೆಸಿದರು. ಸ್ಟುಡಿಯೋದವನಿಗೆ ಹೊಳೆಯುವ ಟ್ರಂಪೆಟ್ ನಡುವಿನಲ್ಲಿ ಇರಬೇಕಿತ್ತು. ಆದರೆ ಅದನ್ನು ಹಿಡಿದವನ ಕನ್ನಡಕಕ್ಕೆ ಫ್ಲ್ಯಾಶ್ ಹೊಡೆದು ಮುಖದಲ್ಲಿ ಎರಡು ಬಿಳಿ ಬಿಲ್ಲೆಗಳು ಮಾತ್ರ ಕಾಣುತ್ತಿದ್ದವು. ಕನ್ನಡಕ ತೆಗೆದರೆ ಕಣ್ಣು ಕಿರಿದಾಗಿ ಅಳುವವನಂತೆ ಕಾಣುತ್ತಿದ್ದ. ಸರಿ, ಟ್ರಂಪೆಟ್ ಉದ್ದಣ್ಣನ ಕೈಗೆ ಹೋಯಿತು. ನನ್ನ ತಮ್ಮ ಅಂಚಿಗೆ ಸರಿದ. ಬರಿಗೈಯಲ್ಲಿ ನಿಲ್ಲುವುದು ಬೇಡವೆಂದು ಡ್ರಮ್ಮಿನವನ ಚೀಲದಿಂದ ತಾಳಕ್ಕೆ ಅಲ್ಲಾಡಿಸುವ ಒಂದು ಜೊತೆ ಗಿಲಕಿ ತೆಗೆದು ಅವನ ಕೈಗಿತ್ತರು. ಅವನೇ ಮನೆಗೆ ಬಂದು ಇದನ್ನು ನಗುತ್ತ ಹೇಳಿದ. "ಫೋಟೋದಲ್ಲಿ ಯಾರು ಹಿಡಿದ್ರೇನಕ್ಕಾ, ಶನಿವಾರ ಊದೋನು ನಾನೇ ತಾನೇ?"

ಅವನು ಮೂವತ್ತು ತಲುಪುವ ಮೊದಲೇ ವಸಡಿನ ರೋಗ ಬಂದು ಮೇಲಿನ ಮುಂದಿನ ಹಲ್ಲುಗಳನ್ನು ಕೀಳಿಸಬೇಕಾಯಿತು. ಟ್ರಂಪೆಟ್ ಊದುವುದು ತುಟಿಯಿಂದ, ತುಟಿ ನಿಲ್ಲುವುದು ಹಲ್ಲಿನ ಆಧಾರದಿಂದ. ಕಟ್ಟಿಸಿದ ಹಲ್ಲು ಒತ್ತಿದರೆ ಜಾರುತ್ತದೆ. ಕೆಲವು ವಾರ ಪ್ರಯತ್ನಿಸಿ ನೋಡಿದ. ಆಮೇಲೆ ಬ್ಯಾಂಡಿನ ಸೊತ್ತಾಗಿದ್ದ ವಾದ್ಯವನ್ನು ಒರೆಸಿ ಹಾಡುಗಾರನಿಗೆ ಒಪ್ಪಿಸಿ, "ಅಂಗಡಿ ಕೆಲಸ ಜಾಸ್ತಿಯಾಗಿದೆ" ಎಂದ. ಅಷ್ಟರಲ್ಲಿ ಹೊಟ್ಟೆಪಾಡಿಗೆ ಚೌಕಟ್ಟಿನ ಅಂಗಡಿ ತೆರೆದಿದ್ದ. ನಿಜವಾದ ಕಾರಣ ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ನನಗೆ. ಹಲ್ಲಿಲ್ಲದವನೆಂದು ಕರುಣೆಗೆ ಗುರಿಯಾಗುವುದಕ್ಕಿಂತ ದುಡ್ಡಿನ ಆಸೆಬುರುಕನೆಂದು ಬೈಸಿಕೊಳ್ಳುವುದು ಅವನಿಗೆ ಹಗುರವೆನಿಸಿತ್ತು. ಬ್ಯಾಂಡು ಮತ್ತೊಂದಿಷ್ಟು ದಿನ ಕುಂಟಿ ನಿಂತುಹೋಯಿತು.

ಹೋದ ವರ್ಷ ಕ್ಲಬ್ಬಿನ ಹಾಲನ್ನು ದುರಸ್ತಿ ಮಾಡಿದರು. ಅಲ್ಲಿ ನುಡಿಸಿದ ಹಳೆಯ ಬ್ಯಾಂಡುಗಳ ಫೋಟೋಗಳನ್ನು, ಕೆಳಗೆ ಹೆಸರು ಮತ್ತು ವಾದ್ಯ ಬರೆಸಿ, ಗೋಡೆಗೆ ಹಾಕುವುದಾಗಿ ಸಮಿತಿಯವರು ಹೇಳಿಕಳುಹಿಸಿದರು. ಇದನ್ನು ಕೇಳಿ ನನ್ನ ತಮ್ಮ ಹೊಸ ಅಂಗಿ ಹೊಲಿಸಿದ. ಎಂದೂ ಯಾರಿಂದಲೂ ಏನನ್ನೂ ಕೇಳದವನು. ಈಗ ಒಂದು ಬೇಕಾಗಿತ್ತು: ಆ ಗೋಡೆಯ ಮೇಲೆ ತನ್ನ ಹೆಸರಿನ ಮುಂದೆ 'ಟ್ರಂಪೆಟ್' ಎಂದಿರಬೇಕು.

ಭಾನುವಾರ ಮಧ್ಯಾಹ್ನ ಡ್ರಮ್ಮಿನವನ ಮನೆಯಲ್ಲಿ ಎಲ್ಲರೂ ಸೇರುವುದೆಂದಾಯಿತು. ತಮ್ಮನಿಗೆ ಮೊಣಕಾಲು ನೋವು. ನಾನು ಕಾರಿನಲ್ಲಿ ಕರೆದುಕೊಂಡು ಹೋದೆ. ಈಗ ಡ್ರಮ್ಮಿನವನು ಸ್ವಂತ ಟೈರ್ ಅಂಗಡಿಯ ಒಡೆಯ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ, ಟೀಪಾಯಿಯ ಮೇಲೆ ಆಲ್ಬಮ್‌ಗಳು, ಬಿಸ್ಕತ್ತಿನ ತಟ್ಟೆ. ಆ ಪೋಸ್ಟರಿನ ಫೋಟೋ ಗೋಡೆಯ ಮೇಲೆ ಟಿವಿಯ ಪಕ್ಕದಲ್ಲೇ ತೂಗುಹಾಕಿತ್ತು. ನಲವತ್ತು ವರ್ಷಗಳಿಂದ ದಿನವೂ ಅವನ ಕಣ್ಣಿಗೆ ಬೀಳುತ್ತಿರುವ ಚಿತ್ರ. ಉದ್ದಣ್ಣ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಅವನ ಹೆಂಡತಿ ಬಂದಿದ್ದಳು, ತೊಡೆಯ ಮೇಲೆ ದಿಂಬಿನ ಚೀಲದಲ್ಲಿ ಸುತ್ತಿದ ಏನನ್ನೋ ಇಟ್ಟುಕೊಂಡಿದ್ದಳು.

ಮೊದಲ ಒಂದು ಗಂಟೆ ಖುಷಿಯಲ್ಲೇ ಕಳೆಯಿತು.

"ನೋಡ್ರಪ್ಪಾ, ಇವನ ಪ್ಯಾಂಟು ನೋಡಿ! ಕಾಲಿಗೆ ಹಾಕಿದ್ನೋ, ಎರಡು ಗೋಣಿಚೀಲ ಕಟ್ಕೊಂಡಿದ್ನೋ?" ಎಂದ ಹಾಡುಗಾರ.

"ನಿನ್ನ ತಲೆ ನೋಡ್ಕೋ ಮೊದಲು. ಆ ಕೂದಲಿನಲ್ಲಿ ಈಗ ನಾಲ್ಕು ಜನಕ್ಕೆ ವಿಗ್ ಮಾಡಬಹುದು," ಎಂದ ಡ್ರಮ್ಮಿನವನು.

"ಒಂದು ನನಗೇ ಕೊಟ್ಟುಬಿಡು ಮತ್ತೆ."

ತಮ್ಮನೂ ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ. ಆಗ ಡ್ರಮ್ಮಿನವನು ಕಣ್ಣು ಮುಚ್ಚಿ ಸೋಫಾಕ್ಕೆ ಒರಗಿ, "ಏನೇ ಹೇಳಿ, ಆ ಕೊನೇ ಹಾಡು! ಲೈಟ್ ಆರಿಸ್ತಿದ್ವಿ, ಟ್ರಂಪೆಟ್ ಒಂದೇ. ಹಾಲ್‌ನಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ" ಎಂದ.

ತಮ್ಮ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ನೆಟ್ಟಗೆ ಕುಳಿತ.

"ಉದ್ದಣ್ಣ ಏನು ಊದ್ತಿದ್ದ ಅಂತೀರಿ!" ಎಂದ ಡ್ರಮ್ಮಿನವನು. "ಕೆನ್ನೆ ಹೀಗೆ ಉಬ್ಬುತ್ತಿತ್ತು, ಚೆಂಡಿನ ಹಾಗೆ."

ಹಾಡುಗಾರ ತಲೆದೂಗಿದ. ಉದ್ದಣ್ಣನ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಉದ್ದಣ್ಣ ಗಿಟಾರ್ ಅಲ್ವೇನೋ?" ಎಂದ ನನ್ನ ತಮ್ಮ. ದನಿ ಎತ್ತರಿಸಲಿಲ್ಲ.

"ಗಿಟಾರೂ ಅಷ್ಟಿಷ್ಟು ಬಾರಿಸ್ತಿದ್ದ. ಆದ್ರೆ ಅವನು ಅಂದ್ರೆ ಟ್ರಂಪೆಟ್ಟೇ. ಅಲ್ಲೇ ಇದೆಯಲ್ಲ ನೋಡು," ಡ್ರಮ್ಮಿನವನು ಗೋಡೆಯತ್ತ ಬೆರಳು ತೋರಿಸಿದ.

"ಹಾಗಾದ್ರೆ ನಾನೇನು ಮಾಡ್ತಿದ್ದೆ?"

ಡ್ರಮ್ಮಿನವನು ಎದ್ದು ಹೋಗಿ, ಕನ್ನಡಕ ಹಣೆಗೇರಿಸಿ, ಫೋಟೋದ ಅಂಚನ್ನು ಹತ್ತಿರದಿಂದ ನೋಡಿದ. "ಲೇ ಸೋಡಾಬುಡ್ಡಿ, ನೀನು... ನೀನು ಗಿಲಕಿ ಅಲ್ವೇನೋ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವನಾಗಿದ್ದರೆ ಕೋಪಿಸಿಕೊಳ್ಳಬಹುದಿತ್ತು.

ನಾನು ಬಾಯಿ ಹಾಕಿದೆ. "ಆ ಫೋಟೋಗೆ ಸ್ಟುಡಿಯೋದವನು ವಾದ್ಯ ಅದಲುಬದಲು ಮಾಡಿಸಿದ. ಟ್ರಂಪೆಟ್ ಊದ್ತಿದ್ದವನು ಇವನು. ವರ್ಷಗಟ್ಟಲೆ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದ್ದನ್ನ ನಾನೇ ಕೇಳಿದ್ದೀನಿ."

ಹಾಡುಗಾರ ಕೈಮುಗಿದು ನಕ್ಕ. "ಅಕ್ಕಾ, ತಮ್ಮನ ಪರ ಅಕ್ಕ ಅಲ್ಲದೆ ಇನ್ಯಾರು ಮಾತಾಡ್ತಾರೆ ಹೇಳಿ?"

ಆಗ ಉದ್ದಣ್ಣನ ಹೆಂಡತಿ ದಿಂಬಿನ ಚೀಲ ಬಿಚ್ಚಿದಳು. ಒಳಗಿದ್ದದ್ದು ಆ ಟ್ರಂಪೆಟ್ಟೇ; ಬ್ಯಾಂಡು ನಿಂತಾಗ ಉದ್ದಣ್ಣನ ಮನೆ ಸೇರಿದ್ದು. "ಇವರು ಕೊನೇ ತನಕ ಶೋಕೇಸಿನಲ್ಲಿ ಇಟ್ಕೊಂಡಿದ್ರು. ಒಂದು ಸಲ ಊದಿ ಅಂದ್ರೆ, ಅದೆಲ್ಲ ಮುಗೀತು ಬಿಡೇ ಅಂತಿದ್ರು," ಎಂದಳು. ಆ ಹೆಂಗಸಿನಲ್ಲಿ ಕಪಟವೇನೂ ಇರಲಿಲ್ಲ. ಗಂಡ ಹೇಳಿದ್ದನ್ನು ನಂಬಿದ್ದಳು. ಗಂಡ ಏನನ್ನೂ ಹೇಳದೆ ಶೋಕೇಸಿನಲ್ಲಿ ಇಟ್ಟು ಸುಮ್ಮನಿದ್ದದ್ದೇ ಸಾಕಾಗಿದ್ದಿರಲೂಬಹುದು.

ತಮ್ಮ ಕೈ ಚಾಚಿದ. ಅವಳು ಕೊಟ್ಟಳು. ಅವನ ಬೆರಳುಗಳು ಮೂರು ಗುಂಡಿಗಳ ಮೇಲೆ ತಾವಾಗಿಯೇ ಹೋಗಿ ಕುಳಿತವು. ಅದನ್ನು ಯಾರಾದರೂ ನೋಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಲ್ಲರೂ ಅವನ ಬಾಯಿಯನ್ನು ನೋಡುತ್ತಿದ್ದರು. ಊದಬೇಡ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಊದಿಯೇ ಬಿಟ್ಟ. ಗಾಳಿ ಬಂತು. ಅದರ ಹಿಂದೆ ಒದ್ದೆ ಬಟ್ಟೆ ಹರಿದಂಥ ಒಂದು ಸದ್ದು. ಹಲ್ಲಿನ ಪಟ್ಟಿ ಜಾರಿ, ಅವನು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ.

"ಗಿಲಕಿಯವನ ಕೈಗೆ ತುತ್ತೂರಿ ಕೊಟ್ರೆ ಇನ್ನೇನಾಗುತ್ತೆ!" ಎಂದ ಡ್ರಮ್ಮಿನವನು. ಎಲ್ಲರೂ ನಕ್ಕರು. ಉದ್ದಣ್ಣನ ಹೆಂಡತಿಯೂ ನಕ್ಕಳು, ಆದರೆ ಮೆಲ್ಲಗೆ.

"ಅವನ ಹಲ್ಲು..." ಎಂದು ನಾನು ಶುರುಮಾಡಿದೆ. ತಮ್ಮ ನನ್ನ ಮಣಿಕಟ್ಟನ್ನು ಹಿಡಿದು ಒತ್ತಿದ. ನೋಯುವಷ್ಟು ಒತ್ತಿದ. ನಾನು ಬಾಯಿ ಮುಚ್ಚಿದೆ. ಹೇಳಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತಿತ್ತು ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಹಲ್ಲು ಅವನದು.

ಅವನು ಟ್ರಂಪೆಟ್ಟಿನ ಊದುವ ತುದಿಯನ್ನು ಕರವಸ್ತ್ರದಿಂದ ಒರೆಸಿ ಹಿಂದಿರುಗಿಸಿದ. ಗೋಡೆಗೆ ಆ ಪೋಸ್ಟರಿನ ಫೋಟೋವನ್ನೇ ಕೊಡುವುದೆಂದು ತೀರ್ಮಾನವಾಯಿತು. ಹಾಡುಗಾರ ಕೆಳಗೆ ಹಾಕಬೇಕಾದ ಹೆಸರುಗಳನ್ನು ಹೇಳಿಬರೆಸಿದ: ಉದ್ದಣ್ಣನಿಗೆ ಟ್ರಂಪೆಟ್, ನನ್ನ ತಮ್ಮನಿಗೆ ಗಿಲಕಿ. "ಫ್ರೇಮಿನ ಚಿಂತೆ ಇಲ್ಲ. ನಮ್ಮ ಮನೆಯವನೇ ಇದ್ದಾನೆ," ಎಂದು ಅವನ ಬೆನ್ನು ತಟ್ಟಿದ. ತಮ್ಮ ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಕಾರು ಹತ್ತಿದ.

ಮೂರು ದಿನ ಬಿಟ್ಟು ಅಂಗಡಿಗೆ ಹೋದೆ. ಅವನು ಫೋಟೋದ ಸುತ್ತ ಕೂರಿಸುವ ದಪ್ಪ ರಟ್ಟನ್ನು ಕೊಯ್ಯುತ್ತಿದ್ದ. ರಟ್ಟಿನ ನಡುವೆ ಕಿಟಕಿಯಂತೆ ತೂತು ಮಾಡಿದರೆ ಅದರೊಳಗಿಂದ ಚಿತ್ರ ಕಾಣುತ್ತದೆ.

"ಹೆಸರಿನ ಪಟ್ಟಿ ನಿನ್ನ ಕೈಯಲ್ಲೇ ಇದೆ. ನಿಜ ಏನೋ ಅದನ್ನ ಬರಿ," ಎಂದೆ. "ಯಾರು ಬಂದು ಅಳಿಸ್ತಾರೆ?"

"ಉದ್ದಣ್ಣನ ಹೆಂಡತಿ ಬಂದು ಓದ್ತಾಳಲ್ಲ."

"ಓದ್ಲಿ. ಸತ್ತವನಿಗೆ ಗಿಟಾರ್ ಸಾಲದಾ?"

ಅವನು ಅಲಗನ್ನು ಉಕ್ಕಿನ ಅಳತೆಪಟ್ಟಿಗೆ ಒತ್ತಿಟ್ಟು ಒಂದೇ ಎಳೆತಕ್ಕೆ ಕೊನೆಯ ಅಂಚನ್ನೂ ಕೊಯ್ದ. ರಟ್ಟನ್ನು ಎತ್ತಿ ಫೋಟೋದ ಮೇಲಿಟ್ಟ. ನಡುವೆ ಉದ್ದಣ್ಣ, ಟ್ರಂಪೆಟ್ಟಿನೊಂದಿಗೆ. ಎಡಕ್ಕೆ ಇಬ್ಬರು. ಬಲಕ್ಕೆ ಒಬ್ಬ. ಅಲ್ಲಿಗೆ ಕಿಟಕಿ ಮುಗಿದಿತ್ತು. ಅಂಚಿನಲ್ಲಿದ್ದವನು ರಟ್ಟಿನ ಕೆಳಗೆ ಹೋಗಿದ್ದ.

"ಇದೇನಿದು?"

"ಅಳತೆ."

"ನೀನು ಕಾಣಿಸ್ತಾನೇ ಇಲ್ಲ."

"ಗಿಲಕಿ ಹಿಡ್ಕೊಂಡು ಆ ಗೋಡೆ ಮೇಲೆ ನಿಂತ್ಕೊಳ್ಳೋದಕ್ಕಿಂತ ಇದೇ ವಾಸಿ."

"ಮೂರ್ಖತನ."

"ಹೂಂ," ಎಂದ. ಬಾಗಿ ಗಾಜು ಒರೆಸಿದ. ಹೆಸರುಗಳನ್ನು ಅವನೇ ಕೈಯಿಂದ ಬರೆದ, ಅಚ್ಚಿನಂಥ ಅಕ್ಷರ, ನಾಲ್ಕೇ. ಉದ್ದಣ್ಣನ ಮುಂದೆ ಟ್ರಂಪೆಟ್.

ಕ್ಲಬ್ಬಿನ ಹಾಲ್ ಮತ್ತೆ ತೆರೆದ ಸಂಜೆ ಹೋಗಬೇಡವೆಂದೆ. ಅವನು ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ಕಾಯುತ್ತಿದ್ದ. ಹೋದೆವು. ಗೋಡೆಗಳಿಗೆ ಹಸಿ ಬಣ್ಣದ ವಾಸನೆ. ಹಜಾರದಲ್ಲಿ ಹತ್ತಾರು ಬ್ಯಾಂಡುಗಳ ಫೋಟೋಗಳಿದ್ದವು. ಒಳ್ಳೆಯ ಚೌಕಟ್ಟು ಅವನದೊಂದೇ. ಡ್ರಮ್ಮಿನವನು ಅದರ ಮುಂದೆ ಬಹಳ ಹೊತ್ತು ನಿಂತು, "ಭಾರಿ ಚೆನ್ನಾಗಿ ಹಾಕಿದ್ದೀಯ. ನಮ್ಮನೇಲಿದ್ದಾಗ ಇಷ್ಟು ಚೆನ್ನಾಗಿರಲಿಲ್ಲ," ಎಂದ. ಏನು ಬದಲಾಗಿದೆ ಎಂದು ಅವನಿಗೆ ಹೊಳೆಯಲಿಲ್ಲ. ಉದ್ದಣ್ಣನ ಹೆಂಡತಿ ಗಾಜಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು.

ವೇದಿಕೆಯಲ್ಲಿ ಹಾಡುಗಾರನನ್ನು ಎರಡು ಮಾತಾಡಲು ಕರೆದರು. ಅವನು ಮೈಕು ಹಿಡಿದರೆ ಎರಡಕ್ಕೆ ನಿಲ್ಲುವವನಲ್ಲ. "ಇದೇ ಜಾಗ. ನಾವು ನಾಲ್ಕು ಹುಡುಗರು," ಎಂದು ಶುರುಮಾಡಿದ. "ಕಿಸೆಯಲ್ಲಿ ಕಾಸಿಲ್ಲ, ಆದ್ರೆ ನಾಲ್ಕೂ ಜನ ರಾಜರ ಹಾಗಿದ್ವಿ..."

ಒಂದೇ ಸಂಜೆಯಲ್ಲಿ ಐದು ನಾಲ್ಕಾಗಿತ್ತು. ನಾನು ತಮ್ಮನ ಕಡೆ ತಿರುಗಿದೆ.

"ಕೇಳಿಸ್ತಾ?"

"ಕೇಳಿಸ್ತು."

"ನೀನೇ ಕಲಿಸಿಕೊಟ್ಟದ್ದು."

ಅವನು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದ. ಹೊರಡುವಾಗ ಸಮಿತಿಯ ಕಾರ್ಯದರ್ಶಿ ಬಾಗಿಲಲ್ಲಿ ಎಲ್ಲರ ಕೈಕುಲುಕುತ್ತಿದ್ದರು. ತಮ್ಮನನ್ನು ತಡೆದು, "ಆ ಬ್ಯಾಂಡಿನವರ ಜೊತೆ ಸಲುಗೆಯಿಂದ ಮಾತಾಡ್ತಿದ್ರಿ. ನೀವೂ ನುಡಿಸ್ತಿದ್ರಾ?" ಎಂದು ಕೇಳಿದರು.

"ಇಲ್ಲ ಸಾರ್. ಫ್ರೇಮ್ ಹಾಕಿದೋನು ನಾನು."

ಉಳಿದ ಫೋಟೋಗಳಿಗೂ ಹಾಗೆಯೇ ಹಾಕಿಕೊಡಲು ಆಗುತ್ತದೆಯೇ ಎಂದು ಅವರು ವಿಚಾರಿಸಿದರು. ಆಗುತ್ತದೆ ಎಂದು ಅವನು ಹೇಳಿ, ಅಂಗಡಿಗೆ ಬರುವ ದಾರಿ ವಿವರಿಸಿದ.