ಎರಡು ದಿನದ ನೀರು

ಬಾದನಹಟ್ಟಿಯ ಚನ್ನವೀರಮ್ಮ ಬಳ್ಳಾರಿಗೆ ಸೊಸೆಯಾಗಿ ಬಂದಾಗ ಊರಿಗೆ ರೈಲು ಬಂದು ಹತ್ತು ವರ್ಷವಾಗಿತ್ತು, ಅವಳ ಹೊಟ್ಟೆಗೆ ನೋವು ಬಂದು ಎರಡು ವರ್ಷ. ರೈಲು ನೋಡಲು ಮನೆಯವರೆಲ್ಲ ಬಂಡಿ ಕಟ್ಟಿಕೊಂಡು ಹೋಗಿದ್ದರಂತೆ. ನೋವನ್ನು ಯಾರೂ ನೋಡಲಿಲ್ಲ.

ಮುಟ್ಟು ಬಂದ ಮೊದಲೆರಡು ದಿನ ಹೊಕ್ಕುಳ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತಿತ್ತು. ನೋವು ಸೊಂಟಕ್ಕೆ ಹರಿದು ತೊಡೆಗಿಳಿದು, ಕೊನೆಗೆ ವಾಂತಿಯಾಗುತ್ತಿತ್ತು. ವೈದ್ಯರಲ್ಲಿ ಅದಕ್ಕೆ ಹೆಸರಿರಲಿಲ್ಲ. ಅತ್ತೆ ಜಂಬಮ್ಮ ಒಂದು ಹೆಸರು ಇಟ್ಟಿದ್ದಳು: ಸೋಗು.

ಗಂಡ ಗಾದಿಲಿಂಗಪ್ಪ ಹತ್ತಿ ವ್ಯಾಪಾರಿ. ಮನೆತನದ ಬಗ್ಗೆ ಅವನಿಗೆ ಎರಡು ಹೆಮ್ಮೆಗಳಿದ್ದವು. ತಾವು ಲಿಂಗವಂತರು, ಮೈಮೇಲೆ ಲಿಂಗವಿರುವ ಹೆಣ್ಣಿಗೆ ಮುಟ್ಟಿನ ಸೂತಕವಿಲ್ಲ ಎಂಬುದು ಮೊದಲನೆಯದು. ಲಿಂಗವಿಲ್ಲದವರು ಹೊತ್ತು ತಂದ ನೀರು ತಮ್ಮ ಹೊಸಿಲು ದಾಟುವುದಿಲ್ಲ ಎಂಬುದು ಎರಡನೆಯದು. ಹೀಗಾಗಿ ಆ ಮನೆಗೆ ಕೂಲಿಯ ನೀರಿನವನು ಬರುವಂತಿರಲಿಲ್ಲ, ಸೊಸೆ ಮುಟ್ಟೆಂದು ಒಂದು ದಿನವೂ ಕೂಡುವಂತಿರಲಿಲ್ಲ. ಎರಡು ಹೆಮ್ಮೆಗಳು ಕೂಡಿದ ಜಾಗದಲ್ಲಿ ಒಂದು ಹಿತ್ತಾಳೆ ಕೊಡವಿತ್ತು, ಅದರ ಕೆಳಗೆ ಚನ್ನವೀರಮ್ಮನ ತಲೆ. ಹಿತ್ತಲ ಬಾವಿಯ ನೀರು ಉಪ್ಪು. ಸಿಹಿನೀರಿನ ಬಾವಿ ಗುಡ್ಡದ ಬುಡದಲ್ಲಿ. ದಿನಕ್ಕೆ ಎಂಟು ಕೊಡ.

ಪಕ್ಕದಲ್ಲಿ ವೈಷ್ಣವ ಗುಮಾಸ್ತ ವೆಂಕಣ್ಣನ ಮನೆ. ಅವನ ಹೆಂಡತಿ ತುಳಸಮ್ಮ ತಿಂಗಳಿಗೆ ಮೂರು ದಿನ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂಡುತ್ತಿದ್ದಳು. ಆ ಮೂರು ದಿನ ವೆಂಕಣ್ಣ ಮಡಿಯುಟ್ಟು ತಾನೇ ಸಾರು ಕುದಿಸುತ್ತಿದ್ದ. ಗಾದಿಲಿಂಗಪ್ಪನಿಗೆ ಇದು ದೊಡ್ಡ ತಮಾಷೆ. ಸಂಜೆ ಕಟ್ಟೆಯ ಮೇಲೆ ಕುಳಿತು, ಸಾರಿಗೆ ಉಪ್ಪು ಸರಿಯಾಯಿತೇ ಎಂದು ಕೇಳುತ್ತಿದ್ದ.

ಹಿತ್ತಲ ಗೋಡೆಯ ಮೇಲಿಂದ ಹೆಂಗಸರೂ ಮಾತಾಡಿಕೊಳ್ಳುತ್ತಿದ್ದರು.

"ನೀವು ಪುಣ್ಯವಂತರ್ರಿ. ನಿಮ್ಮನ್ನ ಯಾರೂ ನಾಯಿ ಹಂಗ ದೂರ ಕೂಡಸಂಗಿಲ್ಲ" ಎಂದಳು ತುಳಸಮ್ಮ.

"ನಿಮ್ಮನ್ನ ಕೂಡಸ್ತಾರಲ್ರಿ" ಎಂದಳು ಚನ್ನವೀರಮ್ಮ.

ಒಂದು ಮನೆ ಹೆಣ್ಣನ್ನು ಹೊಲಸೆಂದು ಕರೆದು ಬಿಡುವು ಕೊಡುತ್ತಿತ್ತು, ಇನ್ನೊಂದು ಶುದ್ಧಳೆಂದು ಹೊಗಳಿ ಕೊಡ ಹೊರಿಸುತ್ತಿತ್ತು. ಇವುಗಳಲ್ಲಿ ಯಾವ ಧರ್ಮ ದೊಡ್ಡದೆಂದು ಗಂಡಸರಿಬ್ಬರೂ ಎಲೆಯಡಿಕೆ ಮೆಲ್ಲುತ್ತ ವಾದಿಸುತ್ತಿದ್ದರು.

ಮಕ್ಕಳಾಗದಿದ್ದಾಗ ಮಾತ್ರ ಮನೆಯವರಿಗೆ ಅವಳ ಹೊಟ್ಟೆ ನೆನಪಾಯಿತು. ಬಜಾರಿನ ಹಕೀಮನೊಬ್ಬ ಪುಡಿ ಕೊಟ್ಟ. ಸಿರುಗುಪ್ಪದ ಸೋದರತ್ತೆ ಕಹಿ ಕಷಾಯ ಕಳಿಸಿದಳು. ಕುರುಗೋಡಿನ ಕಡೆಯ ಒಬ್ಬ ಸೊಂಟಕ್ಕೆ ಕಾದ ಕಬ್ಬಿಣದಿಂದ ಬರೆ ಎಳೆದ. ಎಲ್ಲರದೂ ಒಂದೇ ಭರವಸೆ: ನೋವು ಬೇರುಸಹಿತ ಹೋಗುತ್ತದೆ, ವರ್ಷದೊಳಗೆ ಗಂಡುಮಗು. ನೋವು ಹೋಗಲಿಲ್ಲ, ಮಗು ಬರಲಿಲ್ಲ, ಬರೆ ಉಳಿಯಿತು.

ಬರೆ ಮಾಯುವವರೆಗೆ ಬೋರಲು ಮಲಗಿದ್ದ ಚನ್ನವೀರಮ್ಮ ಒಂದು ತೀರ್ಮಾನಕ್ಕೆ ಬಂದಳು. ಇದು ಹೋಗುವ ನೋವಲ್ಲ. ಹಾಗಿದ್ದರೆ ಇದರ ಜೊತೆ ಬದುಕುವುದನ್ನು ಸ್ವಲ್ಪ ಹಗುರ ಮಾಡಿಕೊಳ್ಳಬೇಕು, ಅದೂ ಒಂದೊಂದಾಗಿ. ಮೊದಲ ತಿಂಗಳು, ದಿನ ಹತ್ತಿರವಾದಾಗ ಎರಡು ದಿನದ ಹಿಟ್ಟನ್ನು ಮುಂಚೆಯೇ ಬೀಸಿಟ್ಟಳು. ಹಳಸಲು ಹಿಟ್ಟೆಂದು ಜಂಬಮ್ಮ ಮೂಗು ಮುರಿದಳು, ಮೂರು ರೊಟ್ಟಿ ತಿಂದಳು. ಮುಂದೆ ಒಲೆಯ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಳ್ಳತೊಡಗಿದಳು. ಆರು ತಿಂಗಳು ಇಷ್ಟೇ. ಆಮೇಲೆ ಗಂಡನನ್ನು ಕೇಳಿದಳು: ಮೊದಲೆರಡು ದಿನ ನೀರಿಗೆ ಹೋಗುವುದಿಲ್ಲ, ಉಳಿದ ಕೆಲಸವೆಲ್ಲ ಮಾಡುತ್ತೇನೆ.

"ಬ್ರಾಂಬ್ರ ಹೆಂಗಸರಂಗ ಮೂಲ್ಯಾಗ ಕುಂದ್ರಾಕ ಹೊಂಟಿಯೇನು? ನಮ್ಮ ಮನ್ಯಾಗ ಸೂತಕ ಇಲ್ಲ."

"ಸೂತಕ ಅಲ್ರಿ. ನೋವು."

ಗಾದಿಲಿಂಗಪ್ಪನಿಗೆ ಸೂತಕದ ಬಗ್ಗೆ ಹತ್ತು ಮಾತು ಬರುತ್ತಿದ್ದವು, ನೋವಿನ ಬಗ್ಗೆ ಒಂದೂ ಬರುತ್ತಿರಲಿಲ್ಲ. ರುಮಾಲು ಸುತ್ತಿಕೊಂಡು ಅಂಗಡಿಗೆ ಹೋದ.

ಶ್ರಾವಣದ ಒಂದು ಸೋಮವಾರ ಮನೆತನದ ಗುರುಗಳಾದ ಅಯ್ಯನವರು ಬಂದರು. ಅವರ ಪಾದಪೂಜೆಯಾಗಬೇಕು, ಆಮೇಲೆ ಊಟ. ಅಂದೇ ಮುಟ್ಟು ಮೂರು ದಿನ ಮುಂಚೆ ಬಂತು. ಎರಡನೇ ಕೊಡ ಹೊತ್ತು ಬರುತ್ತಿದ್ದ ಚನ್ನವೀರಮ್ಮ ದಾರಿಯಲ್ಲಿ ಅದನ್ನು ಇಳಿಸಿ, ಬರಿಗೈಯಲ್ಲಿ ಗೋಡೆ ಹಿಡಿದು ಮನೆ ಸೇರಿ, ಅಡುಗೆಮನೆಯಲ್ಲಿ ಕುಳಿತುಬಿಟ್ಟಳು. ತಂದಿದ್ದ ಒಂದು ಕೊಡ ಅಡುಗೆಗೆ ಮುಗಿದಿತ್ತು. ಪಾದ ತೊಳೆದ ನೀರನ್ನು ತೀರ್ಥವೆಂದು ಕುಡಿಯಬೇಕು, ಹಿತ್ತಲ ಉಪ್ಪುನೀರು ಆಗದು. ಸಿಹಿನೀರು ಒಂದು ತಂಬಿಗೆಯೂ ಇಲ್ಲ. ಜಂಬಮ್ಮನಿಗೆ ಮೊಣಕಾಲು ನೋವು. ಆ ಮನೆಯಲ್ಲಿ ಅದೊಂದು ನೋವಿಗೆ ಮಾನ್ಯತೆಯಿತ್ತು. ನೀರು ಮಾರುವ ಎರ್ರಿಸ್ವಾಮಿ ಎತ್ತಿನ ಮೇಲೆ ತುಂಬಿದ ಚರ್ಮದ ಚೀಲ ಹೇರಿಕೊಂಡು ಬಾಗಿಲ ಮುಂದೆಯೇ ಹಾದುಹೋದ. ಅವನಿಗೆ ಲಿಂಗವಿರಲಿಲ್ಲ. ವೆಂಕಣ್ಣನ ಹಂಡೆ ತುಂಬಿತ್ತು. ಅಲ್ಲೂ ಲಿಂಗವಿಲ್ಲ.

ಗಾದಿಲಿಂಗಪ್ಪ ಒಳಗೆ ಬಂದು ಹಲ್ಲು ಕಚ್ಚಿ ಮಾತಾಡಿದ. "ಮಾನ ಕಳೀತಿಯೇನಲೇ? ಈಗ ನೀರಿಗೆ ಯಾರು ಹೋಗಬೇಕು?"

ಅವಳು ಅವನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು, ಅಂದರೆ ಲಿಂಗವಿಟ್ಟ ಡಬ್ಬಿಯನ್ನು, ನೋಡಿದಳು. "ನನಗ ಸೂತಕ ಇಲ್ಲಂತೀರಿ. ನಿಮಗೂ ಇಲ್ಲ, ಮೈಮ್ಯಾಲ ಲಿಂಗಾನೂ ಐತಿ. ಕೊಡ ಹಾದ್ಯಾಗ ಐತಿ, ತುಂಬೇತಿ."

ಮಾತು ಪಡಸಾಲೆಗೆ ಕೇಳಿತು. ಅಯ್ಯನವರು ಹಸಿದಿದ್ದರು. ಹಸಿವು ಅವರಿಗೆ ಕೂಡಲೇ ತತ್ವ ಹೊಳೆಯಿಸಿತು.

"ಕಾಯಕದಾಗ ಮೇಲು ಕೀಳು ಇಲ್ಲಪ್ಪಾ ಗಾದಿಲಿಂಗಾ. ಲಗೂನ ಹೋಗಿ ತಗೊಂಡು ಬಾ."

ಅವನು ಹೋದ. ತಲೆಗೆ ಸಿಂಬಿ ಸುತ್ತಲು ಬರುತ್ತಿರಲಿಲ್ಲ, ಕೊಡವನ್ನು ಹೆಗಲ ಮೇಲಿಟ್ಟು ಅಂಗಿಯೆಲ್ಲ ತೋಯಿಸಿಕೊಂಡ. ಕಟ್ಟೆಯ ಮೇಲೆ ವೆಂಕಣ್ಣ ಕುಳಿತಿದ್ದ.

"ಏನ್ರಿ ಗಾದಿಲಿಂಗಪ್ಪನವರ, ನಿಮ್ಮನಿಯವರೂ ಹೊರಗಾದ್ರೇನು?"

ಊಟ ಮುಗಿಸಿದ ಅಯ್ಯನವರು ಹೋದ ಮನೆಯಲ್ಲೆಲ್ಲ ಈ ಕತೆ ಹೇಳಿದರು: ಗುರುವಿಗಾಗಿ ಸ್ವತಃ ನೀರು ಹೊತ್ತ ಶರಣ. ಹದಿನೆಂಟು ವರ್ಷದಿಂದ ನೀರು ಹೊತ್ತಿದ್ದವಳು ಕತೆಯಲ್ಲಿ ಇರಲಿಲ್ಲ. ಜನ ಗಾದಿಲಿಂಗಪ್ಪನಿಗೆ ಕೈಮುಗಿದರು. ಒಂದು ಕೊಡಕ್ಕೆ ಇಷ್ಟು ಸಿಕ್ಕರೆ ಯಾರು ಬಿಡುತ್ತಾರೆ? ತಿಂಗಳಿಗೆ ಎರಡು ದಿನ ನೀರು ಹೊರುವುದು ತನ್ನ ವ್ರತ ಎಂದು ಅವನೇ ಸಾರಿಕೊಂಡ. ಯಾವ ಎರಡು ದಿನ ಎಂಬುದನ್ನು ಚನ್ನವೀರಮ್ಮ ಹೇಳುತ್ತಿದ್ದಳು. ಎಂಟು ಕೊಡದ ಬದಲು ಐದು ತರುತ್ತಿದ್ದ. ಅವಳು ಐದರಲ್ಲೇ ತೂಗಿಸಿದಳು. ಹೊಗಳಿಕೆಯಲ್ಲಿ ಪಾಲು ಕೇಳಲಿಲ್ಲ, ಅದರಿಂದ ಸೊಂಟಕ್ಕೆ ಏನೂ ಆಗಬೇಕಾಗಿರಲಿಲ್ಲ.

ನಾಲ್ಕನೇ ತಿಂಗಳು ಗಾದಿಲಿಂಗಪ್ಪ ಕೊಡ ಕುಕ್ಕಿ, ತಾನು ಹೊತ್ತ ನೀರೂ ಹಕೀಮನ ಪುಡಿಯಂತೆ ನೋವಿಗೆ ಮದ್ದೆಂಬ ಲೆಕ್ಕದಲ್ಲಿ ಕೇಳಿದ.

"ನಾಕು ತಿಂಗಳಾತು ಹೊರಾಕತ್ತಿ. ಇನ್ನೂ ನೋವು ಹೋಗಿಲ್ಲೇನು?"

"ಇಲ್ರಿ, ಐತಿ" ಎಂದಳು ಚನ್ನವೀರಮ್ಮ, ಮಲಗಿದಲ್ಲಿಂದಲೇ. "ಈ ಸಲ ವಾಂತಿ ಆಗ್ಲಿಲ್ಲ. ಮುಂದಿನ ತಿಂಗಳ ಆ ಎರಡು ದಿನ ರೊಟ್ಟಿ ಯಾರು ಬಡೀಬೇಕು ಅನ್ನೂ ಮಾತು ಆಡೂನು."