ರೀಲಿಲ್ಲದ ಕ್ಯಾಮರಾ

ಜರಗನಹಳ್ಳಿಯ ಮದುವೆಗಳಲ್ಲಿ ದಾಯಾದಿಗಳು ಬಡಿದಾಡಿಕೊಂಡರೆ ಕೊನೆಯ ಏಟು ಫೋಟೋಗ್ರಾಫರ್ ಮೌನೇಶನಿಗೇ. ಸಾಕ್ಷಿ ಉಳಿಯಬಾರದಲ್ಲ! ಅವನ ಕ್ಯಾಮರಾ ಕಿತ್ತುಕೊಂಡು, ಒಳಗಿನ ರೀಲನ್ನು ಕೋಳಿಯ ಕರುಳಿನಂತೆ ಬಿಸಿಲಿಗೆ ಎಳೆದು ಹಾಕುತ್ತಿದ್ದರು.

ಅದಕ್ಕೇ 2007ರಲ್ಲಿ ಡಿಜಿಟಲ್ ಎಸ್‌ಎಲ್‌ಆರ್ ಕೊಳ್ಳಲು ಜಯನಗರಕ್ಕೆ ಹೋದವನು ಮೆಗಾಪಿಕ್ಸೆಲ್ ಕೇಳಲಿಲ್ಲ, ಲೆನ್ಸ್ ಕೇಳಲಿಲ್ಲ. "ಇದರಾಗ ಫೋಟೋ ಎಲ್ಲಿ ಕುಂದರ್ತಾವ್ರೀ?" ಎಂದ, ತನ್ನ ಉತ್ತರ ಕರ್ನಾಟಕದ ಮಾತಿನಲ್ಲೇ. ಅಂಗಡಿಯವನು ಅಂಚೆಚೀಟಿಯಷ್ಟು ಕಾರ್ಡ್ ತೋರಿಸಿದ. ಬೆರಳಿಂದ ಒತ್ತಿದರೆ ಕಾರ್ಡ್ ಹೊರಚಿಮ್ಮುವ ಅಗ್ಗದ ಮಾಡೆಲ್ಲನ್ನೇ ಮೌನೇಶ ಆರಿಸಿದ.

ಮುಂದಿನ ಮದುವೆಯಲ್ಲೇ ಚಿಕ್ಕಬೈರಪ್ಪ ಸೈಟಿನ ಜಗಳಕ್ಕೆ ತಮ್ಮನ ಕುತ್ತಿಗೆಗೆ ಎಳನೀರಿನ ಮಚ್ಚು ಬೀಸಿದ. ಮೌನೇಶ ಕ್ಲಿಕ್ಕಿಸಿದ. ಚಿಕ್ಕಬೈರಪ್ಪನ ಮಕ್ಕಳು ಕ್ಯಾಮರಾವನ್ನು ಕಲ್ಲಿಗೆ ಬಡಿದು ಒಡೆದರು. ರೀಲು ಸಿಗದೆ ಹುಚ್ಚೆದ್ದು ಅವನ ದವಡೆಗೆ ಒದ್ದರು.

"ರೀಲ್ ಎಲ್ಲಿಟ್ಟಿದ್ದೀಯೋ, ಬೊಗಳೋ!"

ಮೌನೇಶ ಬಾಯಿ ಬಿಡಲಿಲ್ಲ.

ಬಿಟ್ಟಿದ್ದು ಪೊಲೀಸ್ ಸ್ಟೇಷನ್ನಿನಲ್ಲಿ. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ರಕ್ತ, ಹಲ್ಲು, ಕಾರ್ಡ್ ಒಟ್ಟಿಗೇ ಬಿದ್ದವು.